ಎರಡು ಕಾಲಗಳ ಕಾದಂಬರಿಯನ್ನು ಓದುವಾಗ

ಎರಡು ಕಾಲಘಟ್ಟಗಳಲ್ಲಿ ಸಾಗುವ ಕಾದಂಬರಿಯನ್ನು ಕೈಗೆತ್ತಿಕೊಂಡವರು ಅಧ್ಯಾಯದ ತಲೆಯಲ್ಲಿರುವ ಇಸವಿಯನ್ನು ಹಾರಿಸಬಾರದು. ಪುಟಗುರುತಿನ ಚೀಟಿಯ ಒಂದು ಬದಿಗೆ ಹಳೆಯ ಕಾಲದವರ ಹೆಸರುಗಳನ್ನೂ ಇನ್ನೊಂದು ಬದಿಗೆ ಇಂದಿನವರ ಹೆಸರುಗಳನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡರೆ, ಯಾರ ಅಜ್ಜಿ ಯಾರೆಂದು ಹಿಂದಿನ ಪುಟಗಳಲ್ಲಿ ತಡಕಾಡುವ ಕಷ್ಟ ತಪ್ಪುತ್ತದೆ.

ಕಥೆಯಲ್ಲಿ ಚಿತ್ರಕಲಾವಿದೆಯರಿದ್ದರೆ ಸಹಿಯ ಪ್ರಸ್ತಾಪ ಬಂದಲ್ಲೆಲ್ಲ ನಿಧಾನಿಸಿ. ಡಚ್ ಕಲಾವಿದೆ ಜೂಡಿತ್ ಲೇಸ್ಟರ್ (1609–1660) ತಮ್ಮ ಹೆಸರಿನ ಮೊದಲಕ್ಷರಗಳಿಗೆ ನಕ್ಷತ್ರವೊಂದನ್ನು ಸೇರಿಸಿ ಸಹಿ ಹಾಕುತ್ತಿದ್ದರೂ, ಅವರ ಎಷ್ಟೋ ಚಿತ್ರಗಳು ಅದೇ ಕಾಲದ ಡಚ್ ಚಿತ್ರಕಾರ ಫ್ರಾನ್ಸ್ ಹಾಲ್ಸ್ ಅವರವೆಂದೇ ಚಲಾವಣೆಯಲ್ಲಿದ್ದು, 1893ರಲ್ಲಿ ಆ ಗುರುತನ್ನು ಪತ್ತೆಹಚ್ಚಿದ ಮೇಲೆಯೇ ಲೇಸ್ಟರ್ ಅವರ ಹೆಸರಿಗೆ ಮರಳತೊಡಗಿದವು. ಸಣ್ಣ ಊರಿನ ಗುಟ್ಟನ್ನು ಹೆಣೆಯುವ ಕಾದಂಬರಿಕಾರರು ಸುಳಿವನ್ನು ಇಂಥ ಮೂಲೆಯಲ್ಲಿಯೇ ಇಡಲು ಇಷ್ಟಪಡುತ್ತಾರೆ.

ಕೊನೆಯ ಪುಟವನ್ನು ಮೊದಲೇ ತಿರುವಿ ನೋಡುವ ಚಪಲವನ್ನು (ನನಗೂ ಇದೆ) ಇಲ್ಲಿ ಮಾತ್ರ ತಡೆದುಕೊಳ್ಳಿ.