ಪೆಂಟಿಯಮ್ 3ಕ್ಕೆ ಗ್ರಾಫಿಕ್ಸ್ ಕಾರ್ಡ್ ಆರಿಸಿದ್ದು: ನನ್ನ ಅನುಭವ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಡಿಟಿಪಿ ಅಂಗಡಿಯಲ್ಲಿ ಇವತ್ತಿಗೂ ಅರ್ಧ ಕೆಲಸ ನಡೆಯುವುದು ಪೆಂಟಿಯಮ್ 3 ಅನ್ನುವ ಹಳೇ ಕಂಪ್ಯೂಟರಿನ ಮೇಲೆ. 440ಬಿಎಕ್ಸ್ ಮದರ್‌ಬೋರ್ಡು, 256 ಎಂಬಿ ರ್‍ಯಾಮ್, ವಿಂಡೋಸ್ 98 ಎಸ್‌ಇ, ಪುಟ ಜೋಡಿಸುವ ಪೇಜ್‌ಮೇಕರ್, ಹಿಂದೆ ಹಳೇ ಪ್ರಿಂಟರ್ ಸಿಕ್ಕಿಸುವ ಪ್ಯಾರಲಲ್ ಪೋರ್ಟಿನಲ್ಲಿ ಕನ್ನಡ ಸಾಫ್ಟ್‌ವೇರಿನ ಲಾಕ್, ಅದು ಇಲ್ಲದೆ ಸಾಫ್ಟ್‌ವೇರ್ ನಡೆಯುವುದಿಲ್ಲ. ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳುವವರು ನಮ್ಮ ಫೈಲುಗಳನ್ನು ನೋಡಿಲ್ಲ. ಮದುವೆ ಕಾಗದ, ಸಂಘಗಳ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಇಪ್ಪತ್ತು ವರ್ಷದ್ದು ಎಲ್ಲವೂ ಹಳೇ ಫಾಂಟಿನಲ್ಲಿವೆ. ಯೂನಿಕೋಡಿಗೆ ತಿರುಗಿಸಿದರೆ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ. ಪುಟ ಪುಟವನ್ನೂ ಕೂತು ತಿದ್ದಬೇಕು. ಹೋದ ವರ್ಷದ ಸಂಚಿಕೆಯಲ್ಲಿ ತಾರೀಖು ಬದಲಾಯಿಸಿ ಕೊಡಿ ಅಂತ ಬಂದ ಗಿರಾಕಿ ಅಷ್ಟು ಹೊತ್ತು ಕಾಯುವುದಿಲ್ಲ.

ತೊಂದರೆ ಶುರುವಾದದ್ದು ಸಿಆರ್‌ಟಿ ಮಾನಿಟರ್ ಹೋದ ಮೇಲೆ. ಆಫೀಸುಗಳಿಂದ ಹೊರಬಿದ್ದ 19 ಇಂಚಿನ ಚೌಕದ ಎಲ್‌ಸಿಡಿ ಸಾವಿರ ರೂಪಾಯಿ ಆಸುಪಾಸಿಗೆ ಸಿಕ್ಕಿತು. ಅದು ಸರಿಯಾಗಿ ಕಾಣುವುದು 1280x1024ರಲ್ಲಿ ಮಾತ್ರ. ನಮ್ಮಲ್ಲಿದ್ದ ಗ್ರಾಫಿಕ್ಸ್ ಕಾರ್ಡು, ಅಂದರೆ ಪರದೆಗೆ ಚಿತ್ರ ಕಳಿಸುವ ಕಾರ್ಡು, 4 ಎಂಬಿಯ ಎಸ್‌ಐಎಸ್ 6326. ಅಷ್ಟು ರೆಸಲ್ಯೂಶನ್‌ಗೆ 32 ಬಿಟ್ ಬಣ್ಣ ಬೇಕಾದರೆ 5 ಎಂಬಿ ಬೇಕು, ಹಾಗಾಗಿ 16 ಬಿಟ್‌ಗೇ ನಿಲ್ಲಬೇಕು. ಅದಕ್ಕಿಂತ ಕೆಟ್ಟದ್ದು ಅಕ್ಷರ. ‘ರಾಷ್ಟ್ರ’, ‘ಸ್ತ್ರೀ’, ‘ಲಕ್ಷ್ಮೀ’ ಈ ಮೂರನ್ನೂ 9 ಪಾಯಿಂಟಿನಲ್ಲಿ ಹಾಕಿದರೆ ಕೆಳಗಿನ ಒತ್ತುಗಳು ಒಂದಕ್ಕೊಂದು ಮೆತ್ತಿಕೊಂಡು ಬೂದು ಕಲೆಯಾಗುತ್ತಿದ್ದವು. ಅಲ್ಲಿಂದ ಮುಂದೆ ಯಾವ ಕಾರ್ಡ್ ಬಂದರೂ ಈ ಮೂರು ಶಬ್ದಗಳೇ ನನ್ನ ಪರೀಕ್ಷೆ.

ಪುಣೆಯಲ್ಲಿ ಸಾಫ್ಟ್‌ವೇರಿನಲ್ಲಿರುವ ಅಣ್ಣನ ಮಗ, “ಚಿಕ್ಕಪ್ಪ, ಅದನ್ನ ಗುಜರಿಗೆ ಹಾಕಿ, ಹೊಸ ಪಿಸಿಯಲ್ಲಿ ವರ್ಚುವಲ್ ಮಷೀನ್ ಮಾಡಿ ಕೊಡ್ತೇನೆ” ಅಂದ. ಹೊಸ ಪಿಸಿಯೊಳಗೇ ಹಳೇ ಪಿಸಿಯ ವೇಷ ಹಾಕಿಸುವುದು ಅಂತ. ಮಾಡಿಯೂ ನೋಡಿದ. ಯುಎಸ್‌ಬಿಯಿಂದ ಪ್ಯಾರಲಲ್ ಮಾಡುವ ವೈರಿಗೆ ಪ್ರಿಂಟರ್ ನಡೆಯಿತು, ಲಾಕ್ ನಡೆಯಲಿಲ್ಲ. ಮುಂಬಯಿಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಎಜಿಪಿ ಕಾರ್ಡ್ (ಆ ಕಾಲದ ಬೋರ್ಡುಗಳ ಗ್ರಾಫಿಕ್ಸ್ ಸ್ಲಾಟಿಗೆ ಕೂರುವಂಥದ್ದು) ಕೇಳಿದಾಗ ಕೌಂಟರಿನವನು “ಅಣ್ಣಾ, ಯೇ ಸಬ್ ಬಂದ್ ಹೋ ಗಯಾ” ಅಂತ ತಲೆಯೆತ್ತದೇ ಹೇಳಿದ. ಬಂದ್ ಆಗಿಲ್ಲ. ಮೇಲಿನ ಮಾಳಿಗೆಗಳಲ್ಲಿ, ರಿಪೇರಿಯವರ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತಳಕ್ಕೆ ಹೋಗಿ ಕೂತಿವೆ ಅಷ್ಟೇ. ಯಾವ ಮಾಳಿಗೆ ಅಂತ ಇಲ್ಲಿ ಬರೆಯುವುದಿಲ್ಲ, ಅಲ್ಲಿ ನನಗೆ ಇನ್ನೂ ಕೆಲಸ ಇದೆ.

ಮೊದಲು ತಂದ ಕಾರ್ಡು ಟಿಎನ್‌ಟಿ2 ಎಂ64, 32 ಎಂಬಿ, ಇನ್ನೂರೋ ಇನ್ನೂರೈವತ್ತೋ ಕೊಟ್ಟ ನೆನಪು. ಬಣ್ಣ ಸರಿಹೋಯಿತು, ಒತ್ತಕ್ಷರ ಹಾಗೇ ಉಳಿಯಿತು. ಕಾರಣ ವಿಜಿಎ, ಚಿತ್ರವನ್ನು ವೋಲ್ಟೇಜಿನ ಏರಿಳಿತವಾಗಿ ಮಾನಿಟರಿಗೆ ಕಳಿಸುವ ಹಳೇ ಸಾಕೆಟ್. 1280x1024, 60 ಹರ್ಟ್ಜ್ ಅಂದರೆ 108 ಮೆಗಾಹರ್ಟ್ಜ್ ಪಿಕ್ಸೆಲ್ ಕ್ಲಾಕ್, ಪರದೆಯ ಒಂದೊಂದು ಚುಕ್ಕಿಗೆ ಹತ್ತಿರ ಹತ್ತಿರ 9 ನ್ಯಾನೋಸೆಕೆಂಡ್. ಅಗ್ಗದ ಕಾರ್ಡುಗಳ ವಿಜಿಎ ಸಾಕೆಟ್ ಪಕ್ಕದ ಫಿಲ್ಟರ್ ಇಷ್ಟು ವೇಗದ ಏರಿಳಿತವನ್ನೇ ನುಂಗಿಬಿಡುತ್ತದೆ. ಆಮೇಲೆ ಜಿಫೋರ್ಸ್4 ಎಂಎಕ್ಸ್ 440 ಸಿಕ್ಕಿತು, ಫ್ಯಾನ್ ಜಾಮ್ ಆಗಿತ್ತು. ಬಿಸಿ ಹೀರುವ ಬೇರೆ ಹೀಟ್ ಸಿಂಕ್ ಕೂರಿಸಿದೆ. ಕೆಲಸಕ್ಕೆ ಗಟ್ಟಿ ಕಾರ್ಡು, ಆದರೆ ಇದರಲ್ಲೂ ವಿಜಿಎ ಒಂದೇ, ಮಸುಕು ಅಷ್ಟೇ.

ಆ ಕಾರ್ಡಿನ ಮೇಲೆ ಒಂದು ಪ್ರಯೋಗ ಮಾಡಿದೆ. ಫಿಲ್ಟರಿನ ಸಣ್ಣ ಕೆಪಾಸಿಟರುಗಳನ್ನು ಬಿಸಿಗಾಳಿಯಲ್ಲಿ ಎಬ್ಬಿಸಿ ತೆಗೆದರೆ ಚಿತ್ರ ಚೂಪಾಗುತ್ತದೆ. ಜಿಫೋರ್ಸ್2 ಕಾಲದಿಂದ ಬಲ್ಲವರು ಮಾಡುತ್ತಿದ್ದ ಕೆಲಸ ಇದು. ‘ಸ್ತ್ರೀ’ ಚೊಕ್ಕ ಕಂಡಿತು. ಆದರೆ ಪಕ್ಕದ ರೇಡಿಯೋದಲ್ಲಿ ಗುಂಯ್ ಅನ್ನುವ ಸದ್ದು ಬರತೊಡಗಿತು, ಫಿಲ್ಟರ್ ಇರುವುದೇ ಅದನ್ನು ತಡೆಯಲು. ಯಾವುದನ್ನು ತೆಗೆದು ಯಾವುದನ್ನು ಉಳಿಸಿದರೆ ಚಿತ್ರವೂ ನಿಂತು ಸದ್ದೂ ತಗ್ಗುತ್ತದೆ ಅನ್ನುವುದು ನನಗೆ ಕೈಹತ್ತಿದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ.

ಮ್ಯಾಟ್ರಾಕ್ಸ್ ಜಿ400 ಕಾರ್ಡನ್ನೂ ನೋಡಿದೆ. ಅಕ್ಷರಕ್ಕೆ ಅದರಷ್ಟು ಚಂದದ ವಿಜಿಎ ನಾನು ಬೇರೆ ಕಂಡಿಲ್ಲ. ಮಾರುವವನಿಗೂ ಅದು ಗೊತ್ತಿತ್ತು, ಮೂರು ಸಾವಿರಕ್ಕಿಂತ ಕೆಳಗೆ ಇಳಿಯಲಿಲ್ಲ. ಬಿಟ್ಟು ಬಂದೆ.

ಅಷ್ಟು ಹೊತ್ತಿಗೆ ಒಂದು ಮಾತು ನನಗೆ ಖಚಿತವಾಗಿತ್ತು. ಅಕ್ಷರದ ಕೆಲಸಕ್ಕೆ ಕಾರ್ಡಿನ ವೇಗ ನೋಡಬಾರದು, ಚಿತ್ರವನ್ನು ಡಿಜಿಟಲ್ ಆಗಿಯೇ ಕಳಿಸುವ ಡಿವಿಐ ಸಾಕೆಟ್ ನೋಡಬೇಕು. ಡಿಜಿಟಲ್ ಆಗಿ ಹೋದರೆ ಮಧ್ಯೆ ಮಸುಕಾಗುವ ಪ್ರಶ್ನೆಯೇ ಇಲ್ಲ. ಅದರ ಜೊತೆಗೆ ಇನ್ನೆರಡು ಬೇಕು: ಬಿಎಕ್ಸ್ ಬೋರ್ಡಿನ 3.3 ವೋಲ್ಟ್ ಸ್ಲಾಟಿಗೆ ಕೂರುವ ಖಾಚು (ಕಾರ್ಡಿನ ಅಂಚಿನಲ್ಲಿ ಕತ್ತರಿಸಿದ ಸಂದು), ಕಾರ್ಡನ್ನು ನಡೆಸಲು ವಿಂಡೋಸ್ 98ಕ್ಕೆ ಬೇಕಾದ ಸಾಫ್ಟ್‌ವೇರ್, ಅಂದರೆ ಡ್ರೈವರ್. ಖಾಚು ಸಾಕೆಟ್ ಇರುವ ಲೋಹದ ಪಟ್ಟಿಯ ಹತ್ತಿರ ಇದ್ದರೆ 3.3, ದೂರ ಇದ್ದರೆ 1.5, ಎರಡೂ ಇದ್ದರೆ ಎರಡಕ್ಕೂ. ಪೆಂಟಿಯಮ್ 4ರ 845 ಬೋರ್ಡ್ ಇರುವವರು ಇದನ್ನು ಇನ್ನೂ ಎಚ್ಚರದಿಂದ ನೋಡಿ, ಅದರಲ್ಲಿ 3.3ರ ಕಾರ್ಡ್ ಹಾಕಿದರೆ ನಾರ್ತ್‌ಬ್ರಿಜ್ಜೇ, ಬೋರ್ಡಿನ ಮುಖ್ಯ ಚಿಪ್ಪೇ, ಸುಟ್ಟುಹೋಗಬಹುದು.

ಮೂರೂ ಕೂಡಿ ಬಂದದ್ದು ಜಿಫೋರ್ಸ್ ಎಫ್‌ಎಕ್ಸ್ 5200ರಲ್ಲಿ. 2003ರ ಕಾರ್ಡು. ಆಟ ಆಡುವವರು ಇದನ್ನು ಮೂಸಿಯೂ ನೋಡುವುದಿಲ್ಲ. ನೋಡಿದರೂ ಮೆಮೊರಿ ಚಿಪ್ ಎಣಿಸಿ, ಮೆಮೊರಿಯ ದಾರಿ ಅಗಲವಾಗಿರುವ 128 ಬಿಟ್ಟಿನದನ್ನೇ ಎತ್ತಿಕೊಳ್ಳುತ್ತಾರೆ. ಪೇಜ್‌ಮೇಕರಿಗೆ 64 ಬಿಟ್ ಧಾರಾಳ ಸಾಕು. ಹಾಗಾಗಿ ಯಾರಿಗೂ ಬೇಡವಾದ, ಫ್ಯಾನ್ ಇಲ್ಲದ, ಡಿವಿಐ ಇರುವ ಒಂದನ್ನು ಆರುನೂರರ ಒಳಗೆ ತಂದೆ. ಫ್ಯಾನ್ ಇಲ್ಲದ್ದು ನನಗೆ ಲಾಭವೇ, ಪ್ರೆಸ್ಸಿನ ಕಾಗದದ ಧೂಳಿಗೆ ಫ್ಯಾನ್ ವರ್ಷ ಬಾಳುವುದಿಲ್ಲ.

ಕೂರಿಸಿದ ದಿನ ಮಾನಿಟರ್ ಕಪ್ಪು, ಒಂದು ಉದ್ದ ಎರಡು ಗಿಡ್ಡ ಬೀಪ್. ಮಳೆಗಾಲದ ಮುಂಬಯಿ ಗಾಳಿಗೆ ಕಾರ್ಡಿನ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಹಸಿರು ಕಟ್ಟಿತ್ತು. ರಬ್ಬರಿನಲ್ಲಿ ತಿಕ್ಕಿ, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಒರೆಸಿದ ಮೇಲೆ ಚಿತ್ರ ಬಂತು. ಆದರೂ ಅರ್ಧ ಗಂಟೆಗೊಮ್ಮೆ ಹ್ಯಾಂಗ್. ಇಲ್ಲಿ ಎಲ್ಲರೂ ಕಾರ್ಡನ್ನೇ ಬೈದರು. ನಾನು ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿಯ) ಕಿತ್ತಳೆ ವೈರಿಗೆ ಮಲ್ಟಿಮೀಟರ್ ಹಿಡಿದೆ. 3.3 ಇರಬೇಕಾದಲ್ಲಿ 3.1ರ ಕೆಳಗೆ ಇಳಿಯುತ್ತಿತ್ತು, ಇಂಥ ಡಬ್ಬಿಗಳ ಎಟಿಎಕ್ಸ್ ನಿಯಮದ ಲೆಕ್ಕದಲ್ಲಿ 3.14ಕ್ಕಿಂತ ಕಡಿಮೆ ಆಗುವಂತಿಲ್ಲ. ಒಳಗೆ ನೋಡಿದರೆ ಔಟ್‌ಪುಟ್ ಕೆಪಾಸಿಟರುಗಳ ತಲೆ ಪೂರಿಯ ಹಾಗೆ ಉಬ್ಬಿತ್ತು. ಹೊಸ ಎಸ್‌ಎಂಪಿಎಸ್ ಹಾಕಬಹುದಿತ್ತು, ಆದರೆ ಈಗಿನವು ಜೋರೆಲ್ಲ 12 ವೋಲ್ಟಿಗೆ ಕೊಡುತ್ತವೆ, ಪೆಂಟಿಯಮ್ 3 ಎಳೆಯುವುದು 5 ವೋಲ್ಟಿನಿಂದ. 105 ಡಿಗ್ರಿ ಬಿಸಿ ತಡೆಯುವ, ಒಳಗಿನ ಪ್ರತಿರೋಧ ಕಡಿಮೆ ಇರುವ (ಲೋ ಇಎಸ್‌ಆರ್) ಕೆಪಾಸಿಟರುಗಳನ್ನೇ ಹಾಕಿದೆ, ನೂರೈವತ್ತು ರೂಪಾಯಿ ಇರಬೇಕು. ಬಿಚ್ಚುವವರು ದೊಡ್ಡ ಕೆಪಾಸಿಟರನ್ನು ಖಾಲಿ ಮಾಡಿಯೇ ಕೈ ಹಾಕಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ 300 ವೋಲ್ಟ್ ಕೂತಿರುತ್ತದೆ.

ಇನ್ನು ಡ್ರೈವರ್ ವಿಷಯ. ಹಳೇ ಡ್ರೈವರನ್ನು ತೆಗೆದು, ವಿಂಡೋಸಿನಲ್ಲೇ ಇರುವ ಸ್ಟ್ಯಾಂಡರ್ಡ್ ವಿಜಿಎ ಡ್ರೈವರಿಗೆ ಇಳಿಸಿ, ಆಮೇಲೆ ಕಾರ್ಡ್ ಬದಲಿಸುವುದು. ಎನ್‌ವಿಡಿಯಾ 98ಕ್ಕೆ ಕೊಟ್ಟ ಕೊನೆಯದು 81.98. ನನಗೆ ಗಟ್ಟಿಯಾಗಿ ನಿಂತದ್ದು 45.23. ಬಯೋಸಿನಲ್ಲಿ, ಅಂದರೆ ಬೋರ್ಡಿನದೇ ಸೆಟ್ಟಿಂಗುಗಳಲ್ಲಿ, ಎಜಿಪಿ ಅಪರ್ಚರ್ (ಕಾರ್ಡ್ ಬಳಸಬಹುದಾದ ರ್‍ಯಾಮಿನ ಮಿತಿ) 64 ಎಂಬಿ, ವಿಜಿಎಗೆ ಐಆರ್‌ಕ್ಯೂ (ಪ್ರೊಸೆಸರನ್ನು ಕರೆಯುವ ದಾರಿ) ಕೊಡುವುದು ಆನ್.

ಈಗ ‘ಲಕ್ಷ್ಮೀ’ 9 ಪಾಯಿಂಟಿನಲ್ಲೂ ಷ ಬೇರೆ, ಮ ಬೇರೆ ಕಾಣುತ್ತವೆ. ಪ್ರೂಫ್ ತೆಗೆಯುವ ಮೊದಲೇ ತಪ್ಪು ಸಿಗುತ್ತದೆ, ಕಾಗದ ಉಳಿಯುತ್ತದೆ. ಮಾನಿಟರ್, ಸೋತ ಕಾರ್ಡುಗಳು, ಕೆಪಾಸಿಟರ್, ರೈಲಿನ ಖರ್ಚು ಎಲ್ಲ ಸೇರಿ ಎರಡೂವರೆ ಸಾವಿರ ದಾಟಿರಲಿಕ್ಕಿಲ್ಲ. ಹೊಸ ಪಿಸಿ, ಹೊಸ ಸಾಫ್ಟ್‌ವೇರ್ ಅಂತ ಹೊರಟಿದ್ದರೆ ಐವತ್ತು ಸಾವಿರಕ್ಕೆ ಮೋಸವಿರಲಿಲ್ಲ. ಅಣ್ಣನ ಮಗ ದೀಪಾವಳಿಗೆ ಬಂದವನು ಪರದೆಗೆ ಮೂಗು ತಾಗಿಸಿ ನೋಡಿ, ತನ್ನ ಸ್ನೇಹಿತನ ಅಪ್ಪನ ಪ್ರೆಸ್ಸಿಗೂ ಒಂದು ಕಾರ್ಡ್ ಹುಡುಕಿ ಕೊಡಿ ಅಂತ ಕೇಳಿದ. ಕೊಟ್ಟೆ, ಅಲ್ಲೂ ನಡೆಯುತ್ತಿದೆ.

ಇನ್ನೊಂದು ಪ್ರಯೋಗ ಈಗ ನಡೆದಿದೆ. ವಿಂಡೋಸ್ 98ಕ್ಕೆ ಎರಡು ಮಾನಿಟರ್ ಬರುತ್ತದೆ, ಎಷ್ಟೋ ಜನ ಇದನ್ನು ಬಳಸಲೇ ಇಲ್ಲ. ಎಜಿಪಿ ಪಕ್ಕದ ಪಿಸಿಐ ಸ್ಲಾಟಿಗೆ ಎಸ್3 ವರ್ಜ್ ಅನ್ನುವ ಇನ್ನೊಂದು ಹಳೇ ಕಾರ್ಡ್ ಹಾಕಿ, ಬಯೋಸಿನಲ್ಲಿ ಎಜಿಪಿ ಮೊದಲು ಅಂತ ಇಟ್ಟು, ಪೇಜ್‌ಮೇಕರಿನ ಪ್ಯಾಲೆಟ್ಟುಗಳನ್ನೆಲ್ಲ ಎರಡನೇ ಪರದೆಗೆ ತಳ್ಳಿದ್ದೇನೆ. ಪುಟ ಪೂರ್ತಿ ಖಾಲಿ ಸಿಗುತ್ತದೆ. ಡೆಸ್ಕ್‌ಟಾಪ್ ಬಣ್ಣ ಬದಲಿಸಿದಾಗ ಮಾತ್ರ ವರ್ಜ್ ಒಮ್ಮೊಮ್ಮೆ ಮುನಿಸಿಕೊಳ್ಳುತ್ತದೆ, ಅದಕ್ಕೆ ಬೇರೆ ಡ್ರೈವರ್ ಹುಡುಕುತ್ತಿದ್ದೇನೆ. ಇದೇ ಕೆಲಸಕ್ಕೆ ನನ್ನ ಹತ್ತಿರ ಬರುವವರು ಬೋರ್ಡಿನ ಮಾಡೆಲ್ ನಂಬರ್, ಸ್ಲಾಟಿನ ಫೋಟೋ, ಎಸ್‌ಎಂಪಿಎಸ್ ಮೇಲಿನ ಚೀಟಿಯ ಫೋಟೋ ತನ್ನಿ, ಕ್ಯಾಬಿನೆಟ್ ಹೊತ್ತು ಲೋಕಲ್ ಹತ್ತಬೇಡಿ.