ಜುಕಿನಿ ಎಳೆ: ನೀರು ತೆಗೆಯದೆ ಒಲೆ ಹತ್ತಿಸಬೇಡಿ

ಪಾಸ್ತಾ ಬದಲಿಗೆ ಶಾವಿಗೆಯಂಥ ತರಕಾರಿ ಎಳೆ ಮಾಡಿದ್ದೇವೆ ಅಂತ ಹೇಳಿ ತಟ್ಟೆ ತುಂಬ ಹಸಿರು ನೀರು ಬಡಿಸುವವರನ್ನು ನೋಡಿ ನೋಡಿ ಸಾಕಾಗಿದೆ. ಸೌತೆಯಂತೆ ಕಾಣುವ, ಕುಂಬಳ ಜಾತಿಯ ಜುಕಿನಿ ತುರಿದದ್ದೇ ತಡ, ಕುದಿಯುವ ಸಾಸಿಗೆ ಸುರಿಯುವುದು, ಮುಚ್ಚಳ ಮುಚ್ಚುವುದು, ಹತ್ತು ನಿಮಿಷ ಫೋನ್ ಹಿಡಿದು ಕೂರುವುದು. ಆಮೇಲೆ ಈ ಪಿಷ್ಟ ಕಡಿಮೆಯ ಲೋ ಕಾರ್ಬ್ ಊಟವೆಲ್ಲ ನಮ್ಮ ನಾಲಿಗೆಗೆ ಹಿಡಿಸುವುದಿಲ್ಲ ಅಂತ ಪಾಪದ ತರಕಾರಿ ಮೇಲೆ ತಪ್ಪು ಹೊರಿಸುವುದು. ಜುಕಿನಿಯಲ್ಲಿ ನೂರಕ್ಕೆ 95 ಪಾಲು ನೀರೇ ಇರುವುದು. ಆ ನೀರನ್ನು ಒಲೆಗೇರಿಸುವ ಮೊದಲು ನೀವು ತೆಗೆಯದಿದ್ದರೆ ಒಲೆಯ ಮೇಲೆ ಅದೇ ಹೊರಗೆ ಬರುತ್ತದೆ, ಬಂದು ಸಾಸಿನಲ್ಲಿ ನಿಲ್ಲುತ್ತದೆ.

ಕೊಡಗಿನ ಮನೆಗಳಲ್ಲಿ ಇದನ್ನು ಸರಿಯಾಗಿ ಕಲಿಯಬೇಕಾದ ಕಾರಣ ಇದೆ. ಬೆಳಿಗ್ಗೆ ಒಟ್ಟಿ (ಅಕ್ಕಿ ರೊಟ್ಟಿ), ಮಧ್ಯಾಹ್ನ ಅನ್ನ, ರಾತ್ರಿ ನೂಲ್‌ಪುಟ್ಟೋ (ಒತ್ತು ಶಾವಿಗೆ) ಕಡಂಬುಟ್ಟೋ (ಅಕ್ಕಿ ಉಂಡೆ). ಮೂರು ಹೊತ್ತೂ ಅಕ್ಕಿಯೇ. ಹಿಂದಿನವರು ಗದ್ದೆಗಿಳಿದು, ಬೆಟ್ಟ ಹತ್ತಿ ಅದನ್ನು ಕರಗಿಸುತ್ತಿದ್ದರು. ಈಗ ಜೀಪು ಹತ್ತಿ ತೋಟಕ್ಕೆ ಹೋಗುವವರಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಅಕ್ಕಿ ಕಡಿಮೆ ಮಾಡಿ ಎನ್ನುತ್ತಾರೆ, ಮಕ್ಕಳು ಪಾಸ್ತಾ ತಂದು ಕೊಡುತ್ತಾರೆ. ಅದೇನು ಕಡಿಮೆಯೇ? ಬೆಂದ ಪಾಸ್ತಾ ನೂರು ಗ್ರಾಂಗೆ ಸುಮಾರು 30 ಗ್ರಾಂ ಪಿಷ್ಟ (ಸಕ್ಕರೆಯೂ ಸೇರಿದ ಕಾರ್ಬ್ ಲೆಕ್ಕ), ಅನ್ನಕ್ಕೆ ಸುಮಾರು 28. ಜುಕಿನಿಗೆ 3 ಗ್ರಾಂ ಆಸುಪಾಸು, ಸೀಮೆಬದನೆಗೆ ನಾಲ್ಕೂವರೆ, ಸಿಹಿಗುಂಬಳಕ್ಕೆ ಆರೂವರೆ. ಒಂದು ಮಾತು ಮಾತ್ರ ನೆನಪಿಡಿ: ಸಕ್ಕರೆಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ದಿಢೀರನೆ ಅಕ್ಕಿ ಬಿಟ್ಟು ಇದಕ್ಕೆ ಇಳಿಯಬಾರದು. ಔಷಧಿ ಮೊದಲಿನಷ್ಟೇ ಇದ್ದು ಊಟದ ಪಿಷ್ಟ ಇಳಿದರೆ ಸಕ್ಕರೆ ಕೆಳಗೆ ಬಿದ್ದು ತಲೆ ತಿರುಗುತ್ತದೆ.

ಇನ್ನೊಂದು ಅತಿಬುದ್ಧಿವಂತಿಕೆ ಅಂದರೆ ಕುಂಬಳಕಾಯಿ ಬೇಯಿಸಿ ನೂಲ್‌ಪುಟ್ಟಿನ ಒರಳಿಗೆ ತುಂಬಿ ಒತ್ತುವುದು. ಅಕ್ಕಿ ಹಿಟ್ಟು ಎಳೆಯಾಗಿ ನಿಲ್ಲುವುದು ಬೆಂದ ಪಿಷ್ಟದ ಅಂಟಿನಿಂದ. ಕುಂಬಳದಲ್ಲಿ ಆ ಅಂಟು ಎಲ್ಲಿದೆ? ಗೊಜ್ಜು ಸುರಿಯುತ್ತದೆ, ಒರಳಿನ ಸಂದಿಗೆಲ್ಲ ನಾರು ಸಿಕ್ಕಿಕೊಳ್ಳುತ್ತದೆ, ತೊಳೆಯುವವರಿಗೆ ಬೇರೆ ಕೆಲಸ. ಈ ಎಳೆಗಳನ್ನು ಹಸಿಯಾಗಿಯೇ ಹೆರೆದು ತೆಗೆಯಬೇಕು.

ಜುಕಿನಿ ಆರಿಸುವಾಗ ದೊಡ್ಡದಕ್ಕೆ ಆಸೆ ಪಡಬೇಡಿ. ಒಂದು ಗೇಣು ಉದ್ದ, ಇನ್ನೂರು ಗ್ರಾಂ ಮೀರದ್ದು, ಉದ್ದಕ್ಕೂ ಒಂದೇ ದಪ್ಪ ಇರುವುದು, ಉಗುರು ತಾಗಿಸಿದರೆ ಸಿಪ್ಪೆ ತಕ್ಷಣ ಒಡೆಯುವುದು. ಬಲಿತ ಕಾಯಿಯ ಒಳಗೆ ಬೀಜದ ಬೆಂಡೇ ಅರ್ಧ. ಆಳಿಗೆ ಒಂದು ಕಾಯಿ ಸಾಲದು, ಒಂದೂವರೆ ಲೆಕ್ಕ ಹಾಕಿ. ನೀರು ತೆಗೆದ ಮೇಲೆ ರಾಶಿ ಅರ್ಧಕ್ಕೆ ಇಳಿಯುತ್ತದೆ.

ಹೆಚ್ಚುವ ಮೊದಲು ತುದಿಯಿಂದ ಒಂದು ಚೂರು ಕತ್ತರಿಸಿ ನಾಲಿಗೆಗೆ ತಾಗಿಸಿ ನೋಡಿ. ಸೋರೆ, ಜುಕಿನಿ, ಕುಂಬಳ ಯಾವುದೇ ಇರಲಿ, ಕಹಿ ಇದ್ದರೆ ಉಗುಳಿ ಇಡೀ ಕಾಯಿಯನ್ನು ಎಸೆಯಬೇಕು. ಉಪ್ಪು ಹಾಕಿದರೂ ಬೇಯಿಸಿದರೂ ಆ ಕಹಿ ಹೋಗುವುದಿಲ್ಲ, ಅದು ವಿಷ, ವಾಂತಿಭೇದಿ ತರುತ್ತದೆ. ಹಿತ್ತಲಲ್ಲಿ ತಾವೇ ಉಳಿಸಿದ ಬೀಜ ಹಾಕುವವರು ಇನ್ನೂ ಜಾಗ್ರತೆ. ಅಂದಕ್ಕೆ ಬೆಳೆಸುವ ಸಣ್ಣ ಬಣ್ಣದ ಕುಂಬಳಗಳ ಪರಾಗ ಬೆರೆತಿದ್ದರೆ ಮುಂದಿನ ವರ್ಷದ ಬಳ್ಳಿಯಲ್ಲಿ ಕಹಿ ಕಾಯಿ ಬರಬಹುದು.

ಸಿಪ್ಪೆ ತೆಗೆಯಬೇಡಿ, ಎಳೆ ಗಟ್ಟಿಯಾಗಿ ನಿಲ್ಲುವುದೇ ಸಿಪ್ಪೆಯಿಂದ. ಹಲ್ಲಿರುವ ಪೀಲರ್ ಸಿಗುತ್ತದೆ, ಅದನ್ನು ಕಾಯಿಯ ಉದ್ದಕ್ಕೆ ಮೇಲಿಂದ ಕೆಳಗೆ ಒಂದೇ ಸಮನೆ ಎಳೆಯಿರಿ. ನಾಲ್ಕು ಸಲ ಎಳೆದು ಕಾಯಿ ತಿರುಗಿಸಿ, ಮತ್ತೆ ನಾಲ್ಕು ಸಲ. ಬೀಜ ಕಾಣಿಸಿದ ತಕ್ಷಣ ನಿಲ್ಲಿಸಿ. ನಡುವಿನ ಬೆಂಡು ಸಾಂಬಾರಿಗೆ ಹೋಗಲಿ, ಎಳೆಗಳ ಜೊತೆ ಬೇಡ. ತುರಿಮಣೆ ಬೇಡವೇ ಬೇಡ, ಅದರಲ್ಲಿ ಬರುವುದು ತುರಿ, ಎಳೆಯಲ್ಲ. ಸುರುಳಿ ತೆಗೆಯುವ ಯಂತ್ರ ಇದ್ದರೆ ದಪ್ಪ ಹಲ್ಲು ಹಾಕಿ. ಬಂದ ಎಳೆಯನ್ನು ಮೊಳದುದ್ದಕ್ಕೆ ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಬಡಿಸುವಾಗ ಒಬ್ಬರ ತಟ್ಟೆಗೆ ಇಡೀ ಗಂಟು ಬೀಳುತ್ತದೆ.

ಈಗ ನೀರು ತೆಗೆಯುವ ಕೆಲಸ. ಹಾಗಲಕಾಯಿಗೆ ಉಪ್ಪು ಹಚ್ಚಿ ಹಿಂಡುವುದು ಎಲ್ಲ ಅಜ್ಜಿಯರಿಗೂ ಗೊತ್ತಿತ್ತು. ಕಣಿಲೆ (ಎಳೆ ಬಿದಿರು) ಹೆಚ್ಚಿ ನೀರಲ್ಲಿ ಮುಳುಗಿಸಿ, ದಿನಾ ನೀರು ಬದಲಿಸಿ, ಆಮೇಲೆಯೇ ಒಲೆಗೆ ಹಾಕುತ್ತಿದ್ದರು. ಒಲೆಯ ಮುಂಚಿನ ಕೆಲಸವೇ ಅರ್ಧ ಅಡುಗೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈಗಿನವರಿಗೆ ಅರ್ಧ ಗಂಟೆ ಕಾಯುವುದೆಂದರೆ ಶಿಕ್ಷೆ.

ಅನ್ನ ಬಸಿಯುವ ತೂತಿನ ಪಾತ್ರೆ ತೆಗೆದುಕೊಳ್ಳಿ, ಕೆಳಗೆ ಬೋಗುಣಿ ಇಡಿ. ಎಳೆಗಳನ್ನು ಒಮ್ಮೆಗೇ ರಾಶಿ ಹಾಕಬೇಡಿ. ತಳ ಮುಚ್ಚುವಷ್ಟು ಹರಡಿ, ಮೇಲೆ ಪುಡಿ ಉಪ್ಪು ಉದುರಿಸಿ, ಅದರ ಮೇಲೆ ಇನ್ನೊಂದು ಪದರ, ಮತ್ತೆ ಉಪ್ಪು. ಉಪ್ಪು ಎಷ್ಟು ಅಂದರೆ ಕಾಯಿಗೆ ಮೂರು ಬೆರಳಿನ ಎರಡು ಚಿಟಿಕೆ. ಕೈಯನ್ನು ಒಂದು ಗೇಣು ಮೇಲೆ ಹಿಡಿದು ಉದುರಿಸಿದರೆ ಸಮನಾಗಿ ಬೀಳುತ್ತದೆ, ಹತ್ತಿರದಿಂದ ಹಾಕಿದರೆ ಒಂದೇ ಕಡೆ ಕೂತು ಅಲ್ಲಿಯ ಎಳೆ ಮಾತ್ರ ಬಾಡುತ್ತದೆ. ಕಲ್ಲುಪ್ಪು ಇದ್ದರೆ ಕುಟ್ಟಿ ಪುಡಿ ಮಾಡಿಯೇ ಹಾಕಿ. ಎರಡೂ ಕೈಯ ಬೆರಳು ಅಗಲಿಸಿ ಕೆಳಗಿನಿಂದ ಮೇಲಕ್ಕೆ ಎರಡು ಸಲ ಎತ್ತಿ ಬಿಡಿ, ಅಷ್ಟೇ. ಕಲಸಬೇಡಿ, ತಿಕ್ಕಬೇಡಿ.

ಪಾತ್ರೆಯ ಒಂದು ಬದಿಗೆ ಚಮಚ ಕೊಟ್ಟು ಸ್ವಲ್ಪ ಓರೆ ಮಾಡಿ ಇಡಿ. ಉಪ್ಪು ಎಳೆಯೊಳಗಿನ ನೀರನ್ನು ಹೊರಗೆ ಸೆಳೆಯುತ್ತದೆ. ಹತ್ತು ನಿಮಿಷಕ್ಕೆ ಎಳೆಗಳ ಮೇಲೆ ಹನಿ ಮೂಡಿರುತ್ತದೆ, ಆಗ ಮತ್ತೊಮ್ಮೆ ಕೆಳಗಿನದು ಮೇಲೆ ಬರುವಂತೆ ಎತ್ತಿ ಬಿಡಿ. ಇಪ್ಪತ್ತೈದು ನಿಮಿಷಕ್ಕೆ ಒಂದು ಎಳೆ ತೆಗೆದು ತೋರುಬೆರಳಿಗೆ ಸುತ್ತಿ ನೋಡಿ. ಮುರಿಯದೆ ಸುತ್ತಿಕೊಂಡರೆ ಸಾಕು. ಪಟ್ ಎಂದು ಮುರಿದರೆ ಇನ್ನೂ ಐದು ನಿಮಿಷ ಬಿಡಿ. ಗಂಟೆಗಟ್ಟಲೆ ಬಿಟ್ಟು ಮರೆತರೆ ಎಳೆ ಸೊರಗಿ ರಬ್ಬರಿನಂತಾಗುತ್ತದೆ, ಉಪ್ಪೂ ಏರುತ್ತದೆ. ಬೋಗುಣಿಗೆ ಇಳಿದ ನೀರನ್ನು ಸಾರಿಗೆ ಹಾಕಬಹುದು, ಆದರೆ ಆ ಸಾರಿಗೆ ಬೇರೆ ಉಪ್ಪು ನೋಡಿ ಹಾಕಿ.

ಆಮೇಲೆ ಬಟ್ಟೆ. ಎಳೆಗಳನ್ನು ಅಂಗೈಯಲ್ಲಿ ಹಿಡಿದು ಹಿಂಡುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಅಷ್ಟು ಹೊತ್ತು ಜೋಪಾನ ಮಾಡಿ ಕೊನೆಗೆ ಉಂಡೆ ಕಟ್ಟುವುದೇ? ಹಳೆಯ ಹತ್ತಿ ಪಂಚೆಯ ತುಂಡನ್ನು ಮೇಜಿನ ಮೇಲೆ ಹಾಸಿ, ಎಳೆಗಳನ್ನು ಬೆರಳಗಲ ದಪ್ಪಕ್ಕೆ ಹರಡಿ, ಬಟ್ಟೆಯ ಒಂದು ಅಂಚಿನಿಂದ ಸುತ್ತುತ್ತಾ ಬನ್ನಿ. ಸುತ್ತಿದ ಮೇಲೆ ಎರಡೂ ಅಂಗೈ ಇಟ್ಟು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಒತ್ತಿ. ತಿರುಚಬೇಡಿ, ಮೇಲೆ ರುಬ್ಬುಗುಂಡು ಹೇರಬೇಡಿ. ಬಟ್ಟೆ ಪೂರ್ತಿ ಒದ್ದೆಯಾದರೆ ಬಿಡಿಸಿ ಇನ್ನೊಂದು ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಸುತ್ತಿ ಒತ್ತಿ. ಎರಡನೆಯ ಬಟ್ಟೆ ಬರೀ ತೇವವಾಗಿ ಬಂದರೆ ಕೆಲಸ ಮುಗಿಯಿತು. ತೊಳೆಯಲು ಹೋಗಬೇಡಿ, ತೆಗೆದ ನೀರನ್ನೇ ಮತ್ತೆ ಕುಡಿಸಿದಂತೆ ಆಗುತ್ತದೆ. ಉಪ್ಪು ಜಾಸ್ತಿ ಅನಿಸಿದರೆ ಸಾಸಿಗೆ ಉಪ್ಪು ಹಾಕದಿದ್ದರಾಯಿತು.

ಬಟ್ಟೆಯ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಅಡುಗೆಗೆ ಬಳಸುವ ಬಟ್ಟೆಯನ್ನು ಮೈಬಟ್ಟೆಗಳ ಜೊತೆ ವಾಷಿಂಗ್ ಮಷಿನ್ನಿಗೆ ಹಾಕಬೇಡಿ. ಆ ಪರಿಮಳದ ದ್ರವ ಬಟ್ಟೆಗೆ ಹಿಡಿದು ತರಕಾರಿಗೆ ಬರುತ್ತದೆ. ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಕುದಿಸಿ, ಎರಡು ಸಲ ಜಾಲಿಸಿ, ಪೂರ್ತಿ ಒಣಗಿಸಿ. ಕಕ್ಕಡ ತಿಂಗಳ ಮಳೆಯಲ್ಲಿ ಬಿಸಿಲು ಎಲ್ಲಿಂದ ಬರಬೇಕು, ಒಲೆಯ ಹತ್ತಿರದ ಹಗ್ಗದ ಮೇಲೆ ಬಿಡಿಸಿ ಹಾಕಿ. ಮಡಚಿ ಇಟ್ಟ ತೇವದ ಬಟ್ಟೆ ಮರುದಿನಕ್ಕೆ ಮುಗ್ಗಲು ವಾಸನೆ ಹೊಡೆಯುತ್ತದೆ, ಆಮೇಲೆ ಎಷ್ಟು ಸಾಬೂನು ಹಾಕಿದರೂ ಸುಲಭಕ್ಕೆ ಹೋಗುವುದಿಲ್ಲ.

ಇಷ್ಟಾದ ಮೇಲೆ ಬೇಯಿಸುವುದೇನೂ ದೊಡ್ಡ ವಿಷಯವಲ್ಲ. ಅಗಲವಾದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಲಿ. ಒಂದು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಡೆದ ಗಾಂಧಾರಿ ಮೆಣಸು. ಬೆಳ್ಳುಳ್ಳಿ ಅಂಚು ಕೆಂಪಾದಾಗ ಎಳೆ ಹಾಕಿ, ಎರಡು ಆಳಿನಷ್ಟು ಮಾತ್ರ. ನಾಲ್ಕು ಜನರದ್ದನ್ನು ಒಟ್ಟಿಗೆ ತುಂಬಿದರೆ ಬಾಣಲೆ ತಣ್ಣಗಾಗಿ, ಎಳೆ ಹುರಿಯುವ ಬದಲು ಬೆವರುತ್ತದೆ. ದೊಡ್ಡ ಉರಿಯಲ್ಲಿ ಒಂದೂವರೆ ನಿಮಿಷ, ಹೆಚ್ಚೆಂದರೆ ಎರಡು. ಮುಚ್ಚಳದ ಕಡೆ ಕೈ ಹೋಗಕೂಡದು. ಕಚ್ಚಿದರೆ ಒಳಗೆ ಸಣ್ಣ ಗಟ್ಟಿತನ ಉಳಿದಿರಬೇಕು, ಆಗಲೇ ಇಳಿಸಿ. ತಟ್ಟೆಗೆ ಬರುವಷ್ಟರಲ್ಲಿ ತನ್ನ ಬಿಸಿಗೆ ಉಳಿದದ್ದು ಬೇಯುತ್ತದೆ. ಕಾಳುಮೆಣಸನ್ನು ಆಗಲೇ ಕುಟ್ಟಿ ಹಾಕಿ. ಅಂಗಳ ತುಂಬ ಮೆಣಸು ಒಣಗಿಸುವ ಊರಲ್ಲಿ ಅಂಗಡಿಯ ಪುಡಿ ಡಬ್ಬಿ ಬಳಸುವವರಿಗೆ ಏನು ಹೇಳುವುದೋ ಗೊತ್ತಿಲ್ಲ.

ಸಾಸು ಬೇರೆ ಪಾತ್ರೆಯಲ್ಲಿ, ಮೊದಲೇ ಗಟ್ಟಿಯಾಗಿ ಸಿದ್ಧವಿರಬೇಕು. ಟೊಮೆಟೊ ಆದರೆ ಎಣ್ಣೆ ಬಿಟ್ಟು, ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಗೆರೆ ಒಂದು ಕ್ಷಣ ಮುಚ್ಚದೆ ನಿಲ್ಲುವವರೆಗೆ ಬತ್ತಿಸಿ. ಬಿಳಿ ಸಾಸಿಗೆ ಮೈದಾ ಹುರಿದು ಹಾಕುವವರು ಏತಕ್ಕೆ ಜುಕಿನಿ ತಂದರೋ, ಬಾಗಿಲಿಂದ ಕಳಿಸಿದ ಪಿಷ್ಟವನ್ನು ಕಿಟಕಿಯಿಂದ ಕರೆದಂತಾಯಿತು. ಕೆನೆಯನ್ನೋ ದಪ್ಪ ತೆಂಗಿನ ಹಾಲನ್ನೋ ಬತ್ತಿಸಿ, ಬೇಕಾದರೆ ಚೀಸ್ ತುರಿದು ಹಾಕಿ. ನಮ್ಮ ಊಟಕ್ಕೆ ಇದರ ಜೊತೆ ಅತ್ಯುತ್ತಮ ಅಂದರೆ ಪಂದಿ (ಹಂದಿ) ಕರಿ, ಹುರಿದ ಮಸಾಲೆ ತುಂಡಿಗೆ ಅಂಟಿಕೊಂಡ, ನೀರಿಲ್ಲದ ಕರಿ. ಕೋಳಿ ಕರಿ ತೆಳ್ಳಗಿದ್ದರೆ ರಸವನ್ನು ಬೇರೆ ಮಾಡಿ ಬತ್ತಿಸಿಕೊಳ್ಳಿ. ಎಳೆಗಳನ್ನು ಕರಿಯಲ್ಲಿ ಕಲಸಬೇಡಿ, ತಟ್ಟೆಯಲ್ಲಿ ಎಳೆ ಹಾಕಿ ಮೇಲೆ ಕರಿ ಬಡಿಸಿ. ಬರೀ ಎಳೆಯನ್ನೇ ತಿನ್ನುವುದಾದರೆ ಒಲೆಯಿಂದ ಇಳಿಸಿದ ಮೇಲೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ನಾಲ್ಕು ಹನಿ, ಹೆಚ್ಚು ಬೇಡ. ಬಣ್ಣ ಕಪ್ಪಾಗುತ್ತದೆ, ಹುಳಿ ಎಲ್ಲವನ್ನೂ ನುಂಗುತ್ತದೆ. ಕಾಚಂಪುಳಿಯ ಬಾಟಲಿಗೆ ಒದ್ದೆ ಚಮಚ ಹಾಕಬೇಡಿ.

ಜುಕಿನಿ ಸಿಗದಿದ್ದರೆ ಹಿತ್ತಲ ಚಪ್ಪರದ ಸೀಮೆಬದನೆ ಇದೆಯಲ್ಲ. ನನ್ನನ್ನು ಕೇಳಿದರೆ ಅದೇ ಮೇಲು, ಎಳೆ ಮುರಿಯುವುದಿಲ್ಲ. ಸಿಪ್ಪೆ ಹೆರೆಯುವಾಗ ಅಂಟು ಬಿಡುತ್ತದೆ, ಒಣಗಿದರೆ ಕೈಯ ಚರ್ಮ ಬಿಗಿದು ಸುಲಿದಂತಾಗುತ್ತದೆ. ಕೈಗೆ ಎಣ್ಣೆ ಸವರಿಕೊಳ್ಳಿ ಅಥವಾ ನೀರಲ್ಲಿ ಮುಳುಗಿಸಿ ಹೆರೆಯಿರಿ. ಇದಕ್ಕೆ ಉಪ್ಪು ಹಚ್ಚಿ ಕಾಯುವ ಅಗತ್ಯವಿಲ್ಲ. ಕುದಿಯುವ ಉಪ್ಪು ನೀರಿಗೆ ಎರಡು ನಿಮಿಷ ಹಾಕಿ, ಬಸಿದು, ಬಟ್ಟೆಯ ಮೇಲೆ ಹರಡಿ, ಆವಿ ಹೋದ ಮೇಲೆ ಬಾಣಲೆಗೆ. ಸಿಹಿಗುಂಬಳದಲ್ಲಿ ಪೂರ್ತಿ ಹಣ್ಣಾಗದ, ಗಟ್ಟಿ ತಿರುಳಿನದ್ದನ್ನು ಆರಿಸಿ, ಎಳೆ ಮಾಡಿ ಮೂರು ನಿಮಿಷ ಹಬೆಯಲ್ಲಿಡಿ. ಸಿಹಿ ಇರುವುದರಿಂದ ಖಾರದ ಕರಿಗೆ ಹೊಂದುತ್ತದೆ, ಆದರೆ ಪಿಷ್ಟ ಜುಕಿನಿಯ ಎರಡರಷ್ಟು ಅನ್ನುವುದು ತಲೆಯಲ್ಲಿರಲಿ. ಬೂದುಗುಂಬಳ ಬೇಡ, ಅದು ಮಜ್ಜಿಗೆಹುಳಿಗೆ ಚೆಂದ.

ಸ್ಪಾಗೆಟಿ ಸ್ಕ್ವಾಷ್ ಅಂತ ಹಳದಿ ಉದ್ದುಂಡೆ ಕಾಯಿಯನ್ನು ಈಗ ಕೆಲವರು ಬೀಜ ತರಿಸಿ ಬೆಳೆಯುತ್ತಾರೆ. ಬೆಂದ ಮೇಲೆ ಅದರ ತಿರುಳೇ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಪಿಷ್ಟ ನೂರು ಗ್ರಾಂಗೆ ಸುಮಾರು 7. ಇದನ್ನು ಎಲ್ಲರೂ ಉದ್ದಕ್ಕೆ ಸೀಳುತ್ತಾರೆ, ಅಲ್ಲೇ ತಪ್ಪು. ಒಳಗೆ ಎಳೆಗಳು ಕಾಯಿಯ ಸುತ್ತ ಬಳೆಯ ಹಾಗೆ ಓಡುತ್ತವೆ, ಉದ್ದಕ್ಕೆ ಸೀಳಿದರೆ ಪ್ರತಿ ಎಳೆಯೂ ಅರ್ಧಕ್ಕೆ ತುಂಡಾಗುತ್ತದೆ. ಅಡ್ಡಕ್ಕೆ ಎರಡು ಬೆರಳು ದಪ್ಪದ ಚಕ್ರಗಳಾಗಿ ಕತ್ತರಿಸಿ, ಬೀಜ ತೆಗೆದು, ಎಣ್ಣೆ ಉಪ್ಪು ಸವರಿ ಓವನ್ನಿನಲ್ಲಿ 200 ಡಿಗ್ರಿಗೆ ಅರ್ಧ ಗಂಟೆ ಸುಡಿ. ಓವನ್ ಇಲ್ಲದವರು ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟು ಕಾಲು ಗಂಟೆಗೆ ಫೋರ್ಕಿನಿಂದ ಕೆದಕಿ ನೋಡಿ. ಕುಕ್ಕರಿನಲ್ಲಿ ಸೀಟಿ ಹೊಡೆಸಿದರೆ ಎಳೆ ಹೋಗಿ ಗಂಜಿ ಸಿಗುತ್ತದೆ. ಹಬೆಯಲ್ಲಿ ಬೆಂದದ್ದನ್ನು ಬಿಡಿಸಿ ತಟ್ಟೆಯಲ್ಲಿ ಹರಡಿ ಐದು ನಿಮಿಷ ಆರಲು ಬಿಟ್ಟು ಆಮೇಲೆ ಬಾಣಲೆಗೆ ಹಾಕಿ.

ಉಳಿಸಿ ಇಡುವುದಾದರೆ ಹಸಿ ಎಳೆಯನ್ನು, ಉಪ್ಪು ಹಾಕದೆ, ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿ ಫ್ರಿಜ್ಜಿನೊಳಗೆ ಎರಡು ದಿನ ಇಡಬಹುದು. ಫ್ರೀಜರಿಗೆ ಹಾಕಬೇಡಿ, ಕರಗಿದಾಗ ನೀರಾಗುತ್ತದೆ. ಸಾಸಿನಲ್ಲಿ ಬೆರೆಸಿದ್ದು ಆ ಹೊತ್ತಿಗೇ ಮುಗಿಯಬೇಕು. ಆದ್ದರಿಂದ ಮನೆಯವರೆಲ್ಲ ಕೈ ತೊಳೆದು ಕೂತ ಮೇಲೆಯೇ ಎಳೆಗಳನ್ನು ಬಾಣಲೆಗೆ ಹಾಕಿ.