ವಸಂತದಲ್ಲಿ ಐಸ್‌ಲ್ಯಾಂಡಿಗೆ ಹೊರಟವರಿಗೆ

ಐಸ್‌ಲ್ಯಾಂಡ್ ನೋಡಬೇಕು ಅಂದರೆ ಜನ ಎರಡೇ ಕಾಲ ಹೇಳುತ್ತಾರೆ. ಚಳಿಗಾಲದಲ್ಲಿ ಹೋಗಿ ಆಕಾಶದಲ್ಲಿ ಕುಣಿಯುವ ಹಸಿರು ಬೆಳಕು ನೋಡಿ, ಇಲ್ಲಾಂದ್ರೆ ಜುಲೈನಲ್ಲಿ ಹೋಗಿ ಅಂತ. ನಡುವೆ ಬರುವ ಏಪ್ರಿಲ್, ಮೇ ತಿಂಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನನ್ನು ಕೇಳಿದರೆ ವಯಸ್ಸಾದವರು, ಚಿಕ್ಕ ಮಕ್ಕಳಿರುವವರು, ಗಡಿಬಿಡಿ ಇಷ್ಟಪಡದವರು ಹೋಗಬೇಕಾದದ್ದು ಆ ತಿಂಗಳುಗಳಲ್ಲೇ. ಜಲಪಾತದ ಮುಂದೆ ನೂಕುನುಗ್ಗಲು ಇರುವುದಿಲ್ಲ. ಕೋಣೆ, ಕಾರು ಎರಡರ ಬಾಡಿಗೆಯೂ ಜುಲೈಗಿಂತ ಇಳಿದಿರುತ್ತದೆ. ಚಳಿಯಂತೂ ತಡೆಯಲಾರದ್ದೇನಲ್ಲ. ರಾಜಧಾನಿ ರೇಕ್ಯಾವಿಕ್‌ನಲ್ಲಿ ಏಪ್ರಿಲ್ ತಿಂಗಳು ಹೆಚ್ಚುಕಡಿಮೆ 0ಯಿಂದ 7 ಡಿಗ್ರಿ ನಡುವೆ ಆಡುತ್ತದೆ. ಕಾಡುವುದು ಗಾಳಿ ಮತ್ತು ಒದ್ದೆ. ಅವೆರಡಕ್ಕೆ ಸರಿಯಾಗಿ ತಯಾರಾದರೆ ಉಳಿದದ್ದು ಸುಲಭ.

ಮೊದಲು ಬಟ್ಟೆ. ಒಂದೇ ದಪ್ಪ ಕೋಟು ಹೊತ್ತುಕೊಂಡು ಹೋಗಬೇಡಿ. ಅಲ್ಲಿ ಬಿಸಿಲು, ಆಲಿಕಲ್ಲು, ಜಿಟಿಜಿಟಿ ಮಳೆ ಎಲ್ಲಾ ಒಂದೇ ಮಧ್ಯಾಹ್ನದಲ್ಲಿ ಬಂದು ಹೋಗುತ್ತವೆ. ದಪ್ಪ ಕೋಟು ಹಾಕಿಕೊಂಡು ನಡೆದರೆ ಒಳಗೆ ಬೆವರು, ನಿಂತ ಕೂಡಲೇ ಆ ಬೆವರೇ ತಣ್ಣಗಾಗಿ ಮೈ ನಡುಗುತ್ತದೆ. ಮೈಗೆ ಅಂಟಿಕೊಳ್ಳುವ ತೆಳು ಉಣ್ಣೆಯ ಥರ್ಮಲ್, ಅದರ ಮೇಲೆ ಸ್ವೆಟರ್, ಎಲ್ಲದರ ಮೇಲೆ ಗಾಳಿ ಮಳೆ ಎರಡನ್ನೂ ತಡೆಯುವ ಜಾಕೆಟ್ ಇರಲಿ. ಮಳೆಗೆ ಪ್ಯಾಂಟ್ ಕೂಡ ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಹತ್ತಿಯ ಬನಿಯನ್ನು, ಜೀನ್ಸು ಬೇಡ. ಹತ್ತಿ ನೀರು ಹೀರಿಕೊಂಡು ಒಣಗುವುದೇ ಇಲ್ಲ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ಛತ್ರಿ ಮನೆಯಲ್ಲೇ ಬಿಡಿ, ಅಲ್ಲಿನ ಗಾಳಿಗೆ ಅದು ಎರಡು ನಿಮಿಷವೂ ಬಾಳುವುದಿಲ್ಲ. ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಗ್ಲೌಸು, ದಿನಕ್ಕೊಂದು ಜೊತೆಗಿಂತ ಜಾಸ್ತಿಯೇ ಕಾಲುಚೀಲ ಇಟ್ಟುಕೊಳ್ಳಿ.

ಬೂಟಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾಲು ಒದ್ದೆಯಾದವರು ಮಾರನೇ ದಿನ ಎಲ್ಲಿಗೂ ಬರುವುದಿಲ್ಲ ಅಂತ ಹಟ ಹಿಡಿಯುತ್ತಾರೆ. ಬೂಟು ನೀರು ತಡೆಯುವಂಥದ್ದಿರಲಿ, ಹೊಸದಾದರೆ ಹೊರಡುವ ಮೊದಲೇ ಕೆಲವು ದಿನ ಹಾಕಿ ನಡೆದು ಪಳಗಿಸಿ. ಬೂಟಿನ ತಳಕ್ಕೆ ಹಾಕಿಕೊಳ್ಳುವ ಮುಳ್ಳಿನ ರಬ್ಬರ್ ಪಟ್ಟಿ ಸಿಗುತ್ತದೆ. ಏಪ್ರಿಲ್‌ನಲ್ಲಿ ಹಗಲು ಕರಗಿದ ಹಿಮ ರಾತ್ರಿ ಮತ್ತೆ ಗಾಜಿನಂತೆ ಗಟ್ಟಿಯಾಗುತ್ತದೆ, ಬೆಳಿಗ್ಗೆ ಜಲಪಾತದ ದಾರಿಯಲ್ಲಿ ಆ ಪಟ್ಟಿ ಇದ್ದರೆ ಮಂಡಿ, ಸೊಂಟ ಉಳಿಯುತ್ತದೆ. ಸಂಜೆ ಕೋಣೆಗೆ ಬಂದ ತಕ್ಷಣ ಬೂಟಿನ ಒಳಗಿನ ಅಟ್ಟೆ ಹೊರಗೆ ತೆಗೆಯಿರಿ. ಹಳೇ ಪೇಪರ್ ಉಂಡೆ ಮಾಡಿ ಮೂತಿಯವರೆಗೂ ತುರುಕಿ. ಮಲಗುವ ಮೊದಲು ಒಮ್ಮೆ ಒದ್ದೆ ಪೇಪರ್ ತೆಗೆದು ಒಣ ಪೇಪರ್ ತುಂಬಿ. ಅಲ್ಲಿನ ಮನೆಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟನ್ನು ನೆಲದಡಿಯ ಬಿಸಿನೀರಿನಿಂದಲೇ ಬೆಚ್ಚಗಿಡುತ್ತಾರೆ, ಗೋಡೆಯಲ್ಲಿ ರೇಡಿಯೇಟರ್ ಇರುತ್ತದೆ. ಕಾಲುಚೀಲ, ಗ್ಲೌಸು ಅದರ ಮೇಲೆ ಹರಡಿದರೆ ಬೆಳಗಾಗುವಷ್ಟರಲ್ಲಿ ಗರಿಗರಿ. ಬೂಟನ್ನು ಮಾತ್ರ ಅದರ ಮೇಲೆ ಇಡಬೇಡಿ, ಪಕ್ಕದಲ್ಲಿಡಿ. ಬಿಸಿಗೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ.

ನೀರಿನದೂ ಒಂದು ಕಥೆ ಇದೆ. ನಲ್ಲಿಯ ತಣ್ಣೀರು ಕುಡಿಯಲು ಬಹಳ ಒಳ್ಳೆಯದು, ಬಾಟಲಿ ನೀರಿಗೆ ದುಡ್ಡು ಹಾಕಬೇಡಿ. ಬಿಸಿನೀರಿಗೆ ಮಾತ್ರ ಎಷ್ಟೋ ಕಡೆ ಗಂಧಕದ ವಾಸನೆ, ಕೊಳೆತ ಮೊಟ್ಟೆಯ ಹಾಗೆ. ಹೆದರಬೇಡಿ, ಸ್ನಾನಕ್ಕೆ ಏನೂ ತೊಂದರೆ ಇಲ್ಲ. ಟೀ ಮಾಡುವಾಗ ಬಿಸಿನಲ್ಲಿ ತಿರುಗಿಸದೆ ತಣ್ಣೀರು ಹಿಡಿದು ಕುದಿಸಿ. ಬೆಳ್ಳಿ ಒಡವೆ ಹಾಕಿಕೊಂಡು ಸ್ನಾನ ಮಾಡಿದರೆ ಅದು ಕಪ್ಪಾಗುತ್ತದೆ, ತೆಗೆದಿಡಿ.

ಈ ಕಾಲದಲ್ಲಿ ನನಗೆ ತುಂಬಾ ಇಷ್ಟವಾದದ್ದು ಊರೂರಿನಲ್ಲೂ ಇರುವ ಬಿಸಿನೀರಿನ ಈಜುಕೊಳ. ತೆರೆದ ಆಕಾಶದ ಕೆಳಗೆ 38, 40 ಡಿಗ್ರಿಯ ಸಣ್ಣ ತೊಟ್ಟಿಯಲ್ಲಿ ಕುತ್ತಿಗೆವರೆಗೂ ಮುಳುಗಿ ಕೂತರೆ ನೆತ್ತಿಯ ಮೇಲೆ ಹಿಮದ ಹುಡಿ ಬೀಳುತ್ತಿರುತ್ತದೆ, ಮೈಯ ನೋವೆಲ್ಲಾ ಇಳಿದುಹೋಗುತ್ತದೆ. ಊರಿನ ಅಜ್ಜಂದಿರು, ಅಜ್ಜಿಯರು ಅಲ್ಲಿ ಕೂತು ಊರ ಸುದ್ದಿ ಮಾತಾಡುತ್ತಾರೆ. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಇಳಿಯುವ ಮೊದಲು ಈಜುಡುಗೆಯನ್ನೂ ತೆಗೆದು ಸೋಪು ಹಾಕಿ ತೊಳೆದುಕೊಳ್ಳಬೇಕು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಜಾಗ ಇರುತ್ತದೆ. ನಾಚಿಕೆ ಪಡಬೇಡಿ, ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಈ ಕೊಳಗಳ ನೀರಿಗೆ ಹೆಚ್ಚು ಕ್ಲೋರಿನ್ ಹಾಕುವುದಿಲ್ಲ, ಅದಕ್ಕೇ ಅಷ್ಟು ಶಿಸ್ತು. ಹೆಸರುವಾಸಿಯಾದ ಬ್ಲೂ ಲಗೂನ್ ಎಂಬ ಬಿಸಿನೀರಿನ ಕೊಳಕ್ಕೆ ಹೋಗುವವರು ಕೂದಲಿಗೆ ಮೊದಲೇ ಕಂಡೀಷನರ್ ಹಚ್ಚಿ ಗಂಟು ಕಟ್ಟಿ, ಅಲ್ಲಿನ ನೀರಿನಲ್ಲಿರುವ ಸಿಲಿಕಾ ಎಂಬ ಖನಿಜಕ್ಕೆ ಕೂದಲು ಕಡ್ಡಿಯಾಗುತ್ತದೆ. 2023ರ ನವೆಂಬರಿನಿಂದ ಆ ಭಾಗದಲ್ಲಿ ಜ್ವಾಲಾಮುಖಿ ಕಾಟ ಶುರುವಾಗಿ ಅದು ಎಷ್ಟೋ ಸಲ ಮುಚ್ಚಿದೆ, ತೆರೆದಿದೆ. ಹೊರಡುವ ದಿನ ವಿಚಾರಿಸಿಕೊಳ್ಳಿ.

ಇನ್ನು ರಸ್ತೆ. ದ್ವೀಪವನ್ನು ಸುತ್ತುವ ರಿಂಗ್ ರೋಡ್ 1,300 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಒಳನಾಡಿನ ಬೆಟ್ಟದ ರಸ್ತೆಗಳು ಜೂನ್‌ವರೆಗೂ, ಕೆಲವು ಜುಲೈವರೆಗೂ ಮುಚ್ಚಿರುತ್ತವೆ. ಹಿಮ ಕರಗಿ ನೆಲ ಕೆಸರಾಗಿರುತ್ತದೆ, ಆಗ ಚಕ್ರ ಇಳಿದರೆ ಆ ಗಾಯ ವರ್ಷಗಟ್ಟಲೆ ಮಾಯುವುದಿಲ್ಲ. ರಸ್ತೆ ಬಿಟ್ಟು ಪಾಚಿಯ ಮೇಲೆ ಕಾರು ಹತ್ತಿಸುವುದು ಅಲ್ಲಿ ಅಪರಾಧ. ಕಾಲುದಾರಿಗಳನ್ನೂ ಈ ಕಾಲದಲ್ಲಿ ಕೆಲವೊಮ್ಮೆ ಮುಚ್ಚುತ್ತಾರೆ. ಹಗ್ಗ ಕಟ್ಟಿದ್ದರೆ ದಾಟಬೇಡಿ. ಬೆಳಿಗ್ಗೆ ತಿಂಡಿಗೆ ಮೊದಲು ಹವಾಮಾನ, ರಸ್ತೆ ಎರಡರ ಸ್ಥಿತಿಯನ್ನೂ ಸರ್ಕಾರಿ ಜಾಲತಾಣದಲ್ಲಿ ನೋಡಿ, ಆಮೇಲೆ ಕೀಲಿ ತೆಗೆದುಕೊಳ್ಳಿ.

ಕಾರಿನ ಬಾಗಿಲಿನ ಬಗ್ಗೆ ಎಲ್ಲರಿಗೂ ಹೇಳುತ್ತೇನೆ, ನಿಮಗೂ ಹೇಳುತ್ತೇನೆ. ನಿಲ್ಲಿಸುವಾಗ ಕಾರಿನ ಮೂತಿ ಗಾಳಿ ಬರುವ ಕಡೆಗಿರಲಿ. ಮೊದಲು ಒಂದು ಕೈಯಲ್ಲಿ ಬಾಗಿಲಿನ ಒಳಹಿಡಿ ಗಟ್ಟಿಯಾಗಿ ಹಿಡಿದು, ಒಂದು ಗೇಣು ಮಾತ್ರ ತೆರೆದು ಗಾಳಿಯ ಬಲ ನೋಡಿ, ಆಮೇಲೆ ಪೂರ್ತಿ ತೆರೆಯಿರಿ. ಸುಮ್ನೆ ತಳ್ಳಿದರೆ ಗಾಳಿ ಬಾಗಿಲನ್ನು ಹಿಂದಕ್ಕೆ ಮಡಚಿಬಿಡುತ್ತದೆ. ಬಾಡಿಗೆ ಕಾರಿನ ವಿಮೆ ಈ ನಷ್ಟ ಸಾಮಾನ್ಯವಾಗಿ ತುಂಬುವುದಿಲ್ಲ. ಮಕ್ಕಳಿಗೆ ಹಿಂದಿನ ಬಾಗಿಲು ತೆರೆಯಲು ಬಿಡಲೇಬೇಡಿ.

ಇದೇ ಎಚ್ಚರ ಸಮುದ್ರದ ಹತ್ತಿರವೂ ಬೇಕು. ದಕ್ಷಿಣದ ರೇನಿಸ್ಫ್ಯಾರಾ ಎಂಬ ಕಪ್ಪು ಮರಳಿನ ತೀರದಲ್ಲಿ ಅಲೆ ಇದ್ದಕ್ಕಿದ್ದಂತೆ ಬಹಳ ಮೇಲೆ ಬರುತ್ತದೆ, ಅಲ್ಲಿ ಜನ ಪ್ರಾಣ ಕಳೆದುಕೊಂಡಿದ್ದಾರೆ. ನೀರಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ. ಅಪಾಯ ಎಷ್ಟಿದೆ ಅಂತ ಎಚ್ಚರಿಸುವ ದೀಪದ ಕಂಬ ಹಾಕಿದ್ದಾರೆ, ಅದು ಹೇಳಿದಷ್ಟೇ ಮುಂದೆ ಹೋಗಿ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಮೊದಲೇ ತಿಳಿದಿದ್ದರೆ ಮನಸ್ಸು ಹಗುರವಾಗಿರುತ್ತದೆ ಅಲ್ವಾ? ಏಪ್ರಿಲ್ ನಡುವಿನ ಹೊತ್ತಿಗೆ ಕತ್ತಲೆಯೇ ಸಾಲದಾಗಿ ಆಕಾಶದಲ್ಲಿ ಕುಣಿಯುವ ಆ ಹಸಿರು ಬೆಳಕು ಕಾಣುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಹಿಮಗುಹೆಗಳ ಕಾಲವೂ ಮುಗಿಯುತ್ತಾ ಬಂದಿರುತ್ತದೆ. ಆದರೆ ಹಿಮ ಕರಗಿದ ನೀರು ಹೊತ್ತು 60 ಮೀಟರಿನ ಸ್ಕೋಗಾಫಾಸ್ ಜಲಪಾತ ಅಬ್ಬರಿಸುತ್ತಿರುತ್ತದೆ. ಏಪ್ರಿಲ್ ಕೊನೆಗೆ ಪಫಿನ್ ಹಕ್ಕಿಗಳು ಕಡಲಿನಿಂದ ಬಂಡೆಗಳಿಗೆ ಮರಳುತ್ತವೆ. ಮೇ ತಿಂಗಳಲ್ಲಿ ಕುರಿಗಳು ಮರಿ ಹಾಕುತ್ತವೆ. ಏಪ್ರಿಲ್ 19ರಿಂದ 25ರ ನಡುವೆ ಬರುವ ಗುರುವಾರವನ್ನು ಅಲ್ಲಿಯವರು ಬೇಸಿಗೆಯ ಮೊದಲ ದಿನ ಅಂತ ಹಬ್ಬ ಮಾಡುತ್ತಾರೆ, ಆವತ್ತು ಹಿಮ ಬೀಳುತ್ತಿದ್ದರೂ ಸರಿ! ಹಿಂದಿನ ರಾತ್ರಿ ಹೊರಗೆ ಬಟ್ಟಲಲ್ಲಿ ನೀರಿಟ್ಟು, ಬೆಳಿಗ್ಗೆ ಅದು ಹೆಪ್ಪುಗಟ್ಟಿದ್ದರೆ ಬೇಸಿಗೆ ಚೆನ್ನಾಗಿರುತ್ತದೆ ಅಂತ ಹಳಬರು ನಂಬುತ್ತಿದ್ದರು. ಮಕ್ಕಳಿದ್ದರೆ ನೀವೂ ಇಟ್ಟು ನೋಡಿ, ಖುಷಿ ಪಡುತ್ತಾರೆ.

ಹಗಲು ಏಪ್ರಿಲ್ ಮೊದಲಿಗೆ 13 ಗಂಟೆ ಇದ್ದದ್ದು ಮೇ ಕೊನೆಗೆ 20 ದಾಟುತ್ತದೆ. ಕಣ್ಣಿಗೆ ಕಟ್ಟುವ ಪಟ್ಟಿ ಒಯ್ಯಿರಿ. ಮಕ್ಕಳನ್ನು ಗಡಿಯಾರ ನೋಡಿ ಮಲಗಿಸಿ, ಆಕಾಶ ನೋಡಿ ಅಲ್ಲ.

ಬೆಳಕಿದೆ ಅಂತ ಒಂದೇ ದಿನಕ್ಕೆ ಹತ್ತು ಜಾಗ ತುರುಕಬೇಡಿ. ಐದಾರು ದಿನ ಇದ್ದರೆ ರೇಕ್ಯಾವಿಕ್, ಥಿಂಗ್‌ವೆಟ್ಲಿರ್ ರಾಷ್ಟ್ರೀಯ ಉದ್ಯಾನ, ಗುಲ್‌ಫಾಸ್ ಜಲಪಾತ, ದಕ್ಷಿಣ ತೀರ ಇಷ್ಟೇ ಸಾಕು. ರಿಂಗ್ ರೋಡ್ ಪೂರ್ತಿ ಸುತ್ತಲು ಹತ್ತು ದಿನವಾದರೂ ಇಟ್ಟುಕೊಳ್ಳಿ, ಅದರಲ್ಲಿ ಒಂದು ದಿನ ಏನೂ ಯೋಜನೆ ಇಲ್ಲದೆ ಖಾಲಿ ಬಿಡಿ. ಬಿರುಗಾಳಿಗೆ ರಸ್ತೆ ಮುಚ್ಚಿದರೆ ಆ ದಿನ ಉಪಯೋಗಕ್ಕೆ ಬರುತ್ತದೆ. ವಿಮಾನ ನಿಲ್ದಾಣ ಇರುವುದು ಕೆಫ್ಲಾವಿಕ್‌ನಲ್ಲಿ, ರೇಕ್ಯಾವಿಕ್‌ನಿಂದ ಸುಮಾರು 50 ಕಿಲೋಮೀಟರ್. ಕೊನೆಯ ರಾತ್ರಿ ದೂರದ ಹಳ್ಳಿಯಲ್ಲಿ ಉಳಿಯದೆ ಈ ಎರಡರಲ್ಲಿ ಒಂದು ಕಡೆ ಕೋಣೆ ಮಾಡಿ, ಒದ್ದೆ ಬಟ್ಟೆಯನ್ನೆಲ್ಲಾ ಆ ರಾತ್ರಿಯೇ ಒಣಗಿಸಿ ಪೆಟ್ಟಿಗೆ ತುಂಬಿ.